ನಾಯಿ, ನಗು, ನೆಮ್ಮದಿ

ದಿನವಿಡೀ ದುಡಿದು ಬಂದವರು ಟಿ.ವಿ.ಯಲ್ಲಿ ಹಗುರವಾದ ಚಿತ್ರ ನೋಡಿದರೆ ಅದು ಕಾಲಹರಣವೇ? ಖಂಡಿತ ಅಲ್ಲ. ಅಮೆರಿಕದ ಹಾಲ್‌ಮಾರ್ಕ್ ವಾಹಿನಿ 2012ರಲ್ಲಿ ಪ್ರಸಾರ ಮಾಡಿದ ‘ಪಪ್ಪಿ ಲವ್’ ಕಿರುತೆರೆ ಚಿತ್ರವನ್ನೇ ತೆಗೆದುಕೊಳ್ಳಿ. ಮಗಳಿಗೆಂದು ತಾಯಿ ತಂದ ನಾಯಿಗೆ ಮೊದಲೇ ಒಬ್ಬ ಒಡೆಯನಿದ್ದಾನೆ. ಆತ ಬೇಸ್‌ಬಾಲ್ ಆಟಗಾರ. ನಾಯಿಗಾಗಿ ಹುಟ್ಟಿದ ಜಗಳ ಪ್ರೀತಿಯಲ್ಲಿ ಮುಗಿಯುತ್ತದೆ. ಕೊನೆ ಸುಖಾಂತವೆಂದು ಗೊತ್ತಿರುವುದರಿಂದ ನೋಡುವವರಿಗೆ ಆತಂಕವಿಲ್ಲ.

2005ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ವೈದ್ಯರು 20 ಆರೋಗ್ಯವಂತರಿಗೆ ಹಾಸ್ಯ ಚಿತ್ರ, ಯುದ್ಧ ಚಿತ್ರಗಳ ತುಣುಕು ತೋರಿಸಿದರು. ನಕ್ಕಾಗ 19 ಮಂದಿಯ ರಕ್ತನಾಳ ಹಿಗ್ಗಿ ರಕ್ತಸಂಚಾರ ಹೆಚ್ಚಿತು. ಯುದ್ಧ ನೋಡಿದಾಗ 14 ಮಂದಿಯಲ್ಲಿ ಕುಗ್ಗಿತು.

ಹಾಗೆಂದು ನಗು ರಕ್ತದೊತ್ತಡದ ಮಾತ್ರೆಗೆ ಬದಲಿಯಲ್ಲ. ಕರಿದ ತಿಂಡಿ ದೂರವಿಡಿ, ಜಾಹೀರಾತು ಬಂದಾಗ ಎದ್ದು ಓಡಾಡಿ. ಮನೆಮಂದಿಯೊಡನೆ ಮನಸಾರೆ ನಕ್ಕು, ಹೊತ್ತಿಗೆ ಸರಿಯಾಗಿ ಮಲಗಿ.