ನೇಪಾಳದ ಜಮಾ-ಖರ್ಚು: ವಲಸೆ ತಂದ ಹಣ, ಬೀಳುಬಿದ್ದ ಗದ್ದೆ

2021ರ ಜನಗಣತಿಯ ಪ್ರಕಾರ ನೇಪಾಳದ ಸುಮಾರು 22 ಲಕ್ಷ ಜನರು ವಿದೇಶಗಳಲ್ಲಿದ್ದರು. ಕೊಲ್ಲಿ ರಾಷ್ಟ್ರಗಳು, ಮಲೇಷ್ಯಾ ಹಾಗೂ ಭಾರತದಲ್ಲಿ ದುಡಿಯುವವರು ಮನೆಗೆ ಕಳುಹಿಸುವ ಹಣವು ಆ ದೇಶದ ಒಟ್ಟು ಆಂತರಿಕ ಉತ್ಪನ್ನದ ಸುಮಾರು ಕಾಲು ಭಾಗಕ್ಕೆ ಸಮನಾಗಿದೆ.

ಜಮಾ ಬದಿಯು ಗಣನೀಯವೇ ಸರಿ. 1995-96ರಲ್ಲಿ ಶೇ. 42ರಷ್ಟಿದ್ದ ಬಡತನವು 2010-11ರ ವೇಳೆಗೆ ಶೇ. 25ಕ್ಕೆ ಇಳಿಯುವಲ್ಲಿ ಈ ಹಣದ ಪಾತ್ರ ದೊಡ್ಡದು.

ಖರ್ಚಿನ ಬದಿಯನ್ನೂ ಅವಲೋಕಿಸಬೇಕು. ದುಡಿಯುವ ಕೈಗಳಿಲ್ಲದೆ ಗುಡ್ಡಗಾಡಿನ ಮೆಟ್ಟಿಲು ಗದ್ದೆಗಳು ಬೀಳುಬಿದ್ದಿವೆ. ಹಿಂದೊಮ್ಮೆ ಅಕ್ಕಿಯನ್ನು ರಫ್ತು ಮಾಡುತ್ತಿದ್ದ ದೇಶವು ಈಗ ಅದನ್ನು ಭಾರತದಿಂದ ಕೊಳ್ಳುತ್ತಿದೆ. ಹೀಗೆ ಬೆವರಿನ ಹಣವು ಆಮದಿನ ಬಾಗಿಲಿನಿಂದ ಹೊರನಡೆಯುತ್ತದೆ. ಅನೇಕರ ಮೊದಲ ತಿಂಗಳುಗಳ ಸಂಬಳವು ಪ್ರಯಾಣಕ್ಕೆಂದು ಮಾಡಿದ ಸಾಲಕ್ಕೇ ಸಂದುಹೋಗುತ್ತದೆ.

ಸವಕಳಿಯನ್ನು ಲೆಕ್ಕಕ್ಕೆ ಹಿಡಿಯದ ಸಂಸ್ಥೆಯ ಲಾಭವು ತೋರಿಕೆಯದು. ದೇಶಕ್ಕೂ ಅದೇ ನಿಯಮ. ಬಂದ ಹಣವು ಸ್ವದೇಶದಲ್ಲಿ ಉದ್ಯೋಗ ಸೃಷ್ಟಿಸುವ ಬಂಡವಾಳವಾದಾಗ ಮಾತ್ರ ಮುಂದಿನ ಪೀಳಿಗೆಗೆ ವಲಸೆಯು ಅನಿವಾರ್ಯವಾಗದೆ ಆಯ್ಕೆಯಾದೀತು.