ರಕ್ತ ಕೊಡಲು ಬಂದವನನ್ನು ವಾಪಸು ಕಳಿಸುವ ಒಂದು ಸಾಲು

ಕಾಸರಗೋಡು: ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯವರು ದೊಡ್ಡ ಕಾಯಿಲೆ ಬಂದರೆ ಓಡುವುದು ಮಂಗಳೂರಿಗೆ. ಆಪರೇಷನ್ ಎಂದಾಕ್ಷಣ ‘ರಕ್ತಕ್ಕೆ ಎರಡು ಜನ ಮಾಡಿ’ ಎಂಬ ಮಾತು ಬರುತ್ತದೆ. ಮೊಬೈಲಿನಲ್ಲಿ ಸಂದೇಶ ಹರಿದಾಡುತ್ತದೆ, ಊರಿನ ಕ್ಲಬ್ಬಿನ ಹುಡುಗರು ಬೈಕು ಹತ್ತುತ್ತಾರೆ. ಈ ವಿಷಯದಲ್ಲಿ ಗಡಿನಾಡಿನ ಯುವಕರು ಎಂದೂ ಹಿಂದೆ ಬಿದ್ದವರಲ್ಲ. ಆದರೆ ಹಾಗೆ ಹೊರಟವರಲ್ಲೊಬ್ಬ ರಕ್ತನಿಧಿಯ ಫಾರಂ ಕೈಗೆ ಬಂದಾಗ ಸುಮ್ಮನಾಗಬಹುದು. ತೂಕ ಉಂಟು, ಹಿಮೋಗ್ಲೋಬಿನ್ ಉಂಟು, ಬಿ.ಪಿ. ಸರಿಯಿದೆ. ಅವನು ಸಲಿಂಗಿ ಎಂಬುದೊಂದೇ ಅಡ್ಡಿ.

ರಾಷ್ಟ್ರೀಯ ರಕ್ತಪೂರಣ ಮಂಡಳಿ ಮತ್ತು ಏಡ್ಸ್ ನಿಯಂತ್ರಣ ಸಂಸ್ಥೆ ‘ನ್ಯಾಕೋ’ 2017ರ ಅಕ್ಟೋಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯ 12 ಮತ್ತು 51ನೇ ಅಂಶಗಳಲ್ಲಿ ಈ ಅಡ್ಡಿ ಇದೆ. ಮಂಗಳಮುಖಿಯರು, ಗಂಡಸರ ಜೊತೆ ಲೈಂಗಿಕ ಸಂಬಂಧವಿರುವ ಗಂಡಸರು, ಲೈಂಗಿಕ ಕಾರ್ಯಕರ್ತೆಯರು ಎಚ್‌ಐವಿ, ಹೆಪಟೈಟಿಸ್ ಅಪಾಯವಿರುವವರು. ಅವರಿಂದ ರಕ್ತ ಪಡೆಯುವಂತಿಲ್ಲ, ಅದೂ ಶಾಶ್ವತವಾಗಿ. ಅದೇ ಮಾರ್ಗಸೂಚಿಯ ಪ್ರಕಾರ ಹಚ್ಚೆ ಹಾಕಿಸಿಕೊಂಡವ 12 ತಿಂಗಳು, ಮಲೇರಿಯಾ ಬಂದು ಗುಣವಾದವ 3 ತಿಂಗಳು ಕಾದರೆ ಸಾಕು. ಹತ್ತು ವರ್ಷದಿಂದ ಒಬ್ಬನೇ ಸಂಗಾತಿಯ ಜೊತೆ ಬಾಳುತ್ತಿರುವ, ಪರೀಕ್ಷೆಯಲ್ಲಿ ಸೋಂಕಿಲ್ಲ ಎಂದು ತಿಳಿದಿರುವ ಸಲಿಂಗಿಗೆ ಮಾತ್ರ ಎಷ್ಟು ಕಾದರೂ ಪ್ರಯೋಜನವಿಲ್ಲ.

ಕೇರಳ 2015ರಲ್ಲಿ, ಕರ್ನಾಟಕ 2017ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ನೀತಿ ರೂಪಿಸಿದ ರಾಜ್ಯಗಳು. ಆದರೆ ರಕ್ತದ ನಿಯಮ ಕೇಂದ್ರದ್ದು. ತಲಪಾಡಿ ದಾಟಿದರೆ ಬಸ್ಸಿನ ಬೋರ್ಡಿನ ಭಾಷೆ ಬದಲಾದೀತು, ಈ ಸಾಲು ಬದಲಾಗದು.

ಭಯ ಸುಳ್ಳಲ್ಲ

ನಿಯಮ ಮಾಡಿದವರನ್ನು ಬೈದು ಮುಗಿಸುವಷ್ಟು ಸರಳ ವಿಷಯ ಇದಲ್ಲ ಎನ್ನಿ. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಏಡ್ಸ್ ಕಾಣಿಸಿಕೊಂಡಾಗ ರಕ್ತವನ್ನು ಪರೀಕ್ಷಿಸುವ ದಾರಿಯೇ ಇರಲಿಲ್ಲ. ಪರೀಕ್ಷೆ ಬಂದದ್ದು 1985ರಲ್ಲಿ. ಅಷ್ಟರೊಳಗೆ ಹಿಮೋಫಿಲಿಯಾದವರು, ಆಪರೇಷನ್ ಆದವರು ಸಾವಿರಗಟ್ಟಲೆ ಸೋಂಕಿಗೆ ಬಲಿಯಾಗಿದ್ದರು. ಅದೇ ವರ್ಷ ಅಲ್ಲಿನ ಎಫ್‌ಡಿಎ, 1977ರ ನಂತರ ಒಂದೇ ಒಂದು ಸಲ ಗಂಡಸಿನ ಜೊತೆ ಸಂಬಂಧವಿದ್ದ ಗಂಡಸಿನಿಂದಲೂ ರಕ್ತ ಪಡೆಯಬಾರದು ಎಂದಿತು.

ಇಂದು ಪ್ರತಿ ಬಾಟಲಿಗೂ ಪರೀಕ್ಷೆಯಿದೆ. ನಮ್ಮ ದೇಶದಲ್ಲಿ ರಕ್ತಕ್ಕೆ ಎಚ್‌ಐವಿ ಪರೀಕ್ಷೆ ಕಡ್ಡಾಯವಾದದ್ದು 1989ರಲ್ಲಿ. ಆದರೂ ಸೋಂಕು ತಗಲಿದ ಮೊದಲ ಕೆಲವು ದಿನ ಪರೀಕ್ಷೆಗೆ ಅದು ಸಿಗುವುದಿಲ್ಲ. ಇದಕ್ಕೆ ‘ವಿಂಡೋ ಪೀರಿಯಡ್’ ಎನ್ನುತ್ತಾರೆ. ‘ನ್ಯಾಟ್’ ಎಂಬ ದುಬಾರಿ ಪರೀಕ್ಷೆ ಈ ಅವಧಿಯನ್ನು ತಗ್ಗಿಸುತ್ತದೆ, ಪೂರ್ತಿ ಅಳಿಸುವುದಿಲ್ಲ. ಅದು ಎಲ್ಲ ರಕ್ತನಿಧಿಗಳಲ್ಲೂ ಇಲ್ಲ. ತಿಂಗಳು ತಿಂಗಳು ರಕ್ತ ಏರಿಸಿಕೊಳ್ಳಬೇಕಾದ ಥಲಸ್ಸೇಮಿಯಾ ಮಕ್ಕಳ ತಂದೆತಾಯಿಗೆ ಈ ಭಯ ದಿನನಿತ್ಯದ್ದು. ಅವರ ಮುಂದೆ ನಿಂತು ಬರೀ ಹಕ್ಕಿನ ಮಾತಾಡಿದರೆ ಸಾಲದು.

ಆದರೆ ವಿಂಡೋ ಪೀರಿಯಡ್ ದಿನಗಳ ಲೆಕ್ಕ, ಹೆಚ್ಚೆಂದರೆ ವಾರಗಳ ಲೆಕ್ಕ. ಅದಕ್ಕೆ ಜೀವಮಾನದ ನಿಷೇಧ ಯಾಕೆ? ಬೇರೆ ದೇಶಗಳಲ್ಲಿ ನಿಯಮ ಸಡಿಲವಾದದ್ದು ಈ ಪ್ರಶ್ನೆಯಿಂದಲೇ. ಇಟಲಿ 2001ರಲ್ಲೇ ಗುಂಪು ನೋಡುವುದನ್ನು ಬಿಟ್ಟು ವ್ಯಕ್ತಿಯ ನಡವಳಿಕೆ ನೋಡಲು ಶುರುಮಾಡಿತು. ಅಮೆರಿಕ 2015ರಲ್ಲಿ ಶಾಶ್ವತ ನಿಷೇಧವನ್ನು ಒಂದು ವರ್ಷಕ್ಕಿಳಿಸಿತು. 2020ರಲ್ಲಿ ಕೊರೊನಾ ಬಂದು ರಕ್ತಕ್ಕೆ ಬರ ಬಂದಾಗ ಮೂರು ತಿಂಗಳಿಗಿಳಿಸಿತು, 2023ರಲ್ಲಿ ಗುಂಪಿನ ಹೆಸರನ್ನೇ ಕೈಬಿಟ್ಟಿತು. ಕೆನಡಾ, ಫ್ರಾನ್ಸ್ 2022ರಲ್ಲಿ ಅದೇ ದಾರಿ ಹಿಡಿದವು.

ಬ್ರಿಟನ್ ಮಾಡಿದ್ದನ್ನು ಸ್ವಲ್ಪ ವಿವರವಾಗಿ ನೋಡಬೇಕು. 2021ರ ಜೂನ್ 14, ವಿಶ್ವ ರಕ್ತದಾನಿಗಳ ದಿನ. ಅಂದಿನಿಂದ ಅಲ್ಲಿ ‘ನೀನು ಸಲಿಂಗಿಯೇ’ ಎಂದು ಕೇಳುವುದಿಲ್ಲ. ಗಂಡಸು, ಹೆಂಗಸು, ಮದುವೆಯಾದವರು, ಆಗದವರು ಎಲ್ಲರಿಗೂ ಒಂದೇ ಪ್ರಶ್ನೆ: ಕಳೆದ ಮೂರು ತಿಂಗಳಲ್ಲಿ ಹೊಸ ಸಂಗಾತಿ ಇದ್ದರೇ? ಒಬ್ಬರಿಗಿಂತ ಹೆಚ್ಚು ಜನರೇ? ಹೌದಾದರೆ ಸೋಂಕು ಸುಲಭವಾಗಿ ದಾಟುವ ಗುದಸಂಭೋಗ ನಡೆದಿತ್ತೇ? ನಡೆದಿದ್ದರೆ ಮೂರು ತಿಂಗಳು ಬಿಟ್ಟು ಬನ್ನಿ, ಅಷ್ಟೆ. ಹೀಗೆ ಕೇಳಿದರೆ ಊರೂರು ಸುತ್ತುವ ‘ಮರ್ಯಾದಸ್ಥ’ ಗಂಡಸೂ ಉತ್ತರ ಕೊಡಬೇಕಾಗುತ್ತದೆ. ಹಲವು ಸಂಗಾತಿಗಳಿರುವವರನ್ನು ನಮ್ಮ ಮಾರ್ಗಸೂಚಿಯೂ ಅಪಾಯದ ಪಟ್ಟಿಯಲ್ಲಿ ಸೇರಿಸಿದೆ, ನಿಜ. ಆದರೆ ಅವನನ್ನು ಹಿಡಿಯುವುದು ಅವನು ಮಾಡಿದ ಕೆಲಸದಿಂದ. ಸಲಿಂಗಿಯನ್ನು ಅವನು ಯಾರು ಎಂಬುದರಿಂದಲೇ.

ಬೆಂಚಿನ ಮೇಲೆ ಫಾರಂ

ನಮ್ಮಲ್ಲಿ ಶಿಬಿರ ನಡೆಯುವುದು ಶಾಲೆಯ ಹಾಲಿನಲ್ಲಿ, ಭಜನಾ ಮಂದಿರದಲ್ಲಿ. ಬೆಂಚಿನ ಮೇಲೆ ಒತ್ತೊತ್ತಾಗಿ ಕೂತು, ಒಂದೇ ಪೆನ್ನು ಕೈ ಬದಲಾಯಿಸುತ್ತಾ ಫಾರಂ ತುಂಬುತ್ತಾರೆ. ಪಕ್ಕದವನು ಇಣುಕಿ ನೋಡುತ್ತಾನೆ. ಅಲ್ಲಿ ಯಾರು ತಾನೇ ‘ಹೌದು’ ಎಂದು ಟಿಕ್ ಹಾಕಿಯಾರು? ಹೆಂಡತಿ ಮಕ್ಕಳಿರುವವನಂತೂ ಬಾಯಿ ಬಿಡಲಾರ. ನಿಜ ಹೇಳಿದವ ಜೀವನಪರ್ಯಂತ ಹೊರಗೆ, ಸುಳ್ಳು ಹೇಳಿದವ ಒಳಗೆ. ರಕ್ತ ಪಡೆಯುವವನ ಸುರಕ್ಷತೆ ಇದರಿಂದ ಹೆಚ್ಚೀತೆಂದು ನಂಬುವುದು ಕಷ್ಟ. ಪರದೆಯ ಹಿಂದೆ ಒಬ್ಬೊಬ್ಬರನ್ನೇ ಕೂರಿಸಿ ಕೇಳುವ ಏರ್ಪಾಡಿಗೆ ಸುಪ್ರೀಂ ಕೋರ್ಟೂ ಬೇಡ, ದೊಡ್ಡ ಖರ್ಚೂ ಇಲ್ಲ. ಸಂಘಟಕರು ಮನಸ್ಸು ಮಾಡಿದರೆ ಸಾಕು.

ನಿಯಮದ ಪ್ರಶ್ನೆ ಮಾತ್ರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದೆ. ಮಣಿಪುರದ ಸಾಂತಾ ಖುರೈ 2021ರಲ್ಲಿ ಅರ್ಜಿ ಹಾಕಿದರು. ಕೊರೊನಾ ಕಾಲದಲ್ಲಿ ತಮ್ಮವರಿಗೇ ರಕ್ತ ಕೊಡಲಾಗದ ಮಂಗಳಮುಖಿಯರ ಸಂಕಟ ಆ ಅರ್ಜಿಯಲ್ಲಿತ್ತು. ಕೋರ್ಟು ನೋಟಿಸ್ ಕೊಟ್ಟಿತು, ತಡೆ ಕೊಡಲಿಲ್ಲ. ಈ ಗುಂಪುಗಳಲ್ಲಿ ಎಚ್‌ಐವಿ ಪ್ರಮಾಣ ಸಾಮಾನ್ಯರಿಗಿಂತ 6ರಿಂದ 13 ಪಟ್ಟು ಹೆಚ್ಚು ಎಂದು ಕೇಂದ್ರ 2023ರಲ್ಲಿ ಉತ್ತರಿಸಿತು. 2024ರಲ್ಲಿ ಲೇಖಕ ಶರೀಫ್ ರಂಗ್ನೇಕರ್ ಇನ್ನೊಂದು ಅರ್ಜಿ ಹಾಕಿದರು. 2025ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಸೂರ್ಯಕಾಂತ್ ಅವರಿದ್ದ ಪೀಠ, ಎಲ್ಲ ಮಂಗಳಮುಖಿಯರಿಗೂ ಅಪಾಯಕಾರಿ ಎಂಬ ಹಣೆಪಟ್ಟಿ ಹಚ್ಚಿದಂತಾಗುವುದಿಲ್ಲವೇ ಎಂದು ಕೇಳಿ, ಸುರಕ್ಷತೆಗೂ ಧಕ್ಕೆಯಾಗದೆ ಕಳಂಕವೂ ತಟ್ಟದಂತೆ ಏನು ಮಾಡಬಹುದೆಂದು ತಜ್ಞರನ್ನು ಕೇಳುವಂತೆ ಕೇಂದ್ರಕ್ಕೆ ಹೇಳಿತು. ಗುಂಪಿನ ಸರಾಸರಿ ನೋಡಿ ಒಬ್ಬೊಬ್ಬನ ರಕ್ತವನ್ನು ಅಳೆಯಬಹುದೇ ಎಂಬುದೇ ಈ ವ್ಯಾಜ್ಯದ ತಿರುಳು.

ಅಂದ ಹಾಗೆ, ಸೋಂಕಿನ ಸಂಶಯವಿರುವವರು, ಗಂಡಸಾಗಲಿ ಹೆಂಗಸಾಗಲಿ, ಪರೀಕ್ಷೆ ಪುಕ್ಕಟೆ ಆಗುತ್ತದೆಂದು ರಕ್ತದಾನ ಶಿಬಿರಕ್ಕೆ ಹೋಗಬಾರದು. ಅದಕ್ಕೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಐಸಿಟಿಸಿ ಕೇಂದ್ರಗಳಿವೆ, ಕೇರಳದಲ್ಲಿ ಇವಕ್ಕೆ ‘ಜ್ಯೋತಿಸ್’ ಎಂದು ಹೆಸರು. ಪರೀಕ್ಷೆ ಉಚಿತ, ಗುಟ್ಟು ಹೊರಬೀಳುವುದಿಲ್ಲ. ನ್ಯಾಕೋದ ಉಚಿತ ಸಹಾಯವಾಣಿ 1097.