ನಾಲ್ಕು ಕೀ ಒತ್ತಿದರೆ ಇಡೀ ಅಫಿಡವಿಟ್!

ಸಿಂಧನೂರಿನ ಜೆರಾಕ್ಸ್ ಅಂಗಡಿಯಲ್ಲಿ ಹುಡುಗ ನಾಲ್ಕು ಕೀ ಒತ್ತಿದ ಕೂಡಲೇ ಪುಟದುದ್ದದ ಅಫಿಡವಿಟ್ ಪರದೆಯ ಮೇಲೆ ಬಂತು. ಹೇಗೆ?
– ಓದುಗರೊಬ್ಬರು, ಮಸ್ಕಿ

ಅವನು ಟೈಪ್ ಮಾಡಿದ್ದು ಅಫಿಡವಿಟ್ಟನ್ನಲ್ಲ, ಅದಕ್ಕಿಟ್ಟ ಅಡ್ಡಹೆಸರನ್ನು. ಇದಕ್ಕೆಂದೇ ಪುಟ್ಟ ತಂತ್ರಾಂಶಗಳಿವೆ. ಹಲವು ಶೇರ್‌ವೇರ್: ಕೆಲವು ದಿನ ಪುಕ್ಕಟೆ ಬಳಸಿ, ಒಗ್ಗಿದರೆ ದುಡ್ಡು ಕೊಡಿ ಎಂಬ ಲೆಕ್ಕ. (ಕೊಟ್ಟವರೆಷ್ಟು ಎಂದು ಕೇಳಬೇಡಿ!)

ತಂತ್ರಾಂಶ ತೆರೆಮರೆಯಲ್ಲಿದ್ದು, ಒತ್ತಿದ ಕೊನೆಯ ಕೆಲವು ಕೀಗಳನ್ನು ತನ್ನ ಪಟ್ಟಿಯೊಡನೆ ತಾಳೆ ನೋಡುತ್ತಲೇ ಇರುತ್ತದೆ. ಅಡ್ಡಹೆಸರು ಸಿಕ್ಕಿತೋ, ಅದರಲ್ಲಿರುವ ಅಕ್ಷರಗಳಷ್ಟೇ ಸಲ ಬ್ಯಾಕ್‌ಸ್ಪೇಸ್ ಒತ್ತಿದಂತೆ ಮಾಡಿ ಅದನ್ನು ಅಳಿಸಿ, ಕೂಡಿಟ್ಟ ಮಾದರಿಯನ್ನು ಅಲ್ಲಿ ಪೇಸ್ಟ್ ಮಾಡುತ್ತದೆ. ಖಾನಾವಳಿಯಲ್ಲಿ ‘ಒಂದು ಊಟ’ ಎಂದು ಕೂಗಿದರೆ ಸಾಕು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಎಂದು ಬಿಡಿಬಿಡಿಯಾಗಿ ಹೇಳಬೇಕಿಲ್ಲವಲ್ಲ, ಹಾಗೆ. ತಾರೀಖನ್ನು ಕಂಪ್ಯೂಟರಿನ ಗಡಿಯಾರದಿಂದ ತಾನೇ ತುಂಬಿಕೊಳ್ಳುತ್ತದೆ. ಹೆಸರು, ತಂದೆಯ ಹೆಸರು, ಊರಿಗೆ ಮಾತ್ರ ಜಾಗ ಬಿಟ್ಟು ಕೇಳುತ್ತದೆ. ಮೂಲ ಮಾದರಿ ಬೇರೆಡೆ ಭದ್ರವಾಗಿರುವುದರಿಂದ ಹಿಂದಿನ ಗಿರಾಕಿಯ ಹೆಸರು ನಿಮ್ಮ ಕಾಗದದಲ್ಲಿ ಉಳಿಯುವ ಭಯವಿಲ್ಲ.

ಕನ್ನಡಕ್ಕೆ ಒಂದು ತೊಡಕಿತ್ತು. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪಿಸಿದಾಗ ಕಡತದಲ್ಲಿ ಉಳಿಯುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತಗಳೇ. ಅವಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ಲಿಂಗಸುಗೂರಿನಿಂದ ಪೆನ್‌ಡ್ರೈವ್‌ನಲ್ಲಿ ತಂದ ಮಾದರಿ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಡ್ಡಾದಿಡ್ಡಿ ಕಾಣುವುದು ಅದಕ್ಕೇ. ಮಾದರಿಯನ್ನು ಕನ್ನಡದ ಅಕ್ಷರಗಳಿಗೇ ಸ್ವಂತ ಸಂಕೇತಗಳಿರುವ ಯೂನಿಕೋಡ್‌ನಲ್ಲಿ ಟೈಪಿಸಿಟ್ಟರೆ ಈ ತಾಪತ್ರಯವಿಲ್ಲ.